ಶಬ್ದನಿವಾರಕ ನೆಲಗಟ್ಟು: ಕಾರ್ಖಾನೆ ಮತ್ತು ವಾಣಿಜ್ಯ ಕಟ್ಟಡಗಳಲ್ಲಿ ಅದರ ಆಯ್ಕೆ

ಮಹಡಿಯ ಮನೆಯಲ್ಲಿ ಕುಟ್ಟಾಣಿ ಹಿಡಿದು ಮೆಣಸು ಕುಟ್ಟುವ ಗೃಹಿಣಿಯು ಅದರ ಕೆಳಗೆ ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕೆಳಗಿನ ಮನೆಯವರಿಗೆ ಉಪದ್ರವವಾಗಬಾರದೆಂಬುದು ಆಕೆಯ ಉದ್ದೇಶ. ಆ ಉದ್ದೇಶವು ಬಹುಮಟ್ಟಿಗೆ ನೆರವೇರುತ್ತದೆ. ಆದರೆ ಕುಟ್ಟುತ್ತಿರುವ ಆಕೆಯ ಕಿವಿಗೆ ಬೀಳುವ ಸದ್ದು ಆ ಗೋಣಿಚೀಲದಿಂದ ಹೆಚ್ಚೇನೂ ತಗ್ಗುವುದಿಲ್ಲ. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವುದರ ಸಾರವೆಲ್ಲ ಈ ಸಣ್ಣ ಸಂಗತಿಯಲ್ಲಿ ಅಡಗಿದೆ.

ಕಾರ್ಖಾನೆ, ಕಚೇರಿ, ಬ್ಯಾಂಕು, ಆಸ್ಪತ್ರೆ, ಮಳಿಗೆ ಮುಂತಾದ ಕಟ್ಟಡಗಳಲ್ಲಿ ಶಬ್ದವನ್ನು ಹತೋಟಿಯಲ್ಲಿಡಬೇಕೆಂಬ ಅರಿವು ಹೆಚ್ಚಿದಂತೆ, ‘ಶಬ್ದನಿವಾರಕ’ವೆಂಬ ಹೆಸರು ಹೊತ್ತ ನಾನಾ ಬಗೆಯ ನೆಲಹಾಸುಗಳು ಮಾರುಕಟ್ಟೆಗೆ ಬಂದಿವೆ. ಅವುಗಳ ವಿವರಪತ್ರಗಳಲ್ಲಿ ‘ಇಷ್ಟು ಡೆಸಿಬೆಲ್ ತಗ್ಗಿಸುತ್ತದೆ’ ಎಂದು ಒಂದು ಅಂಕಿ ಅಚ್ಚಾಗಿರುತ್ತದೆ. ಕೊಳ್ಳುವವನು ಅದನ್ನು ನಂಬಿ ಹಣ ತೆರುತ್ತಾನೆ. ಸಾಮಾನ್ಯವಾಗಿ ಆ ಅಂಕಿ ಸುಳ್ಳಾಗಿರುವುದಿಲ್ಲ. ಆದರೆ ಅದು ಯಾವ ಶಬ್ದಕ್ಕೆ ಸಂಬಂಧಿಸಿದ್ದು, ಎಲ್ಲಿರುವ ಕಿವಿಗೆ ಸಂಬಂಧಿಸಿದ್ದು ಎಂಬುದನ್ನು ವಿಚಾರಿಸದೆ ಆರಿಸಿದ ನೆಲಗಟ್ಟು ಬಹುತೇಕ ನಿಷ್ಫಲವಾಗುತ್ತದೆ. ಹಣ ವ್ಯರ್ಥವಾಗುವುದು ಒಂದು ನಷ್ಟ. ರಕ್ಷಣೆ ದೊರೆಯಿತೆಂಬ ಭ್ರಮೆಯಲ್ಲಿ ಕೆಲಸಗಾರನ ಕಿವಿ ಕೆಡುವುದು ಅದಕ್ಕಿಂತ ಬಹಳ ದೊಡ್ಡ ನಷ್ಟ. ಆದಕಾರಣ, ನೆಲಗಟ್ಟು ಯಾವ ಶಬ್ದವನ್ನು ತಗ್ಗಿಸಬಲ್ಲದು, ಯಾವುದನ್ನು ತಗ್ಗಿಸಲಾರದು ಎಂಬುದನ್ನು ಭೌತವಿಜ್ಞಾನದ ಸರಳ ನಿಯಮಗಳಿಂದ ಇಲ್ಲಿ ವಿವೇಚಿಸುತ್ತೇವೆ.

1. ಡೆಸಿಬೆಲ್ ಮಾನ

ಡೆಸಿಬೆಲ್ ಎಂಬುದು ಲಾಗರಿತಮ್ ಕ್ರಮದ ಮಾನ. ಶಬ್ದದ ಶಕ್ತಿಯು ಹತ್ತು ಮಡಿಯಾದರೆ ಅಳತೆಯು 10 ಡೆಸಿಬೆಲ್ ಏರುತ್ತದೆ, ಎರಡು ಮಡಿಯಾದರೆ 3 ಡೆಸಿಬೆಲ್ ಏರುತ್ತದೆ. ಕಿವಿಯಾದರೋ 10 ಡೆಸಿಬೆಲ್ ಏರಿಕೆಯನ್ನು ಸುಮಾರು ಇಮ್ಮಡಿ ಸದ್ದೆಂದು ಗ್ರಹಿಸುತ್ತದೆ. ಒಂದು ಡೆಸಿಬೆಲ್ಲಿನ ವ್ಯತ್ಯಾಸವನ್ನು ನಿತ್ಯವ್ಯವಹಾರದಲ್ಲಿ ಗುರುತಿಸುವುದೇ ಕಷ್ಟ. ಈ ಮಾತನ್ನು ಮುಂದಿನ ಲೆಕ್ಕಗಳಿಗಾಗಿ ನೆನಪಿನಲ್ಲಿಡಬೇಕು.

ಕಿವಿಯ ಸುರಕ್ಷತೆಯ ವಿಷಯದಲ್ಲಿ, ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1998ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ, ದಿನಕ್ಕೆ 8 ಗಂಟೆಯ ಕೆಲಸಕ್ಕೆ ಮಿತಿ 85 ಡೆಸಿಬೆಲ್. ಶಬ್ದವು 3 ಡೆಸಿಬೆಲ್ ಏರಿದಾಗಲೆಲ್ಲ ಕಾಲಾವಧಿಯನ್ನು ಅರ್ಧಕ್ಕೆ ಇಳಿಸಬೇಕು. ಈ ಲೆಕ್ಕದಲ್ಲಿ 100 ಡೆಸಿಬೆಲ್ ಶಬ್ದದಲ್ಲಿ ನಿಲ್ಲಬಹುದಾದ ಕಾಲ ದಿನಕ್ಕೆ ಕೇವಲ 15 ನಿಮಿಷ. ಲಾಳಿಯಿರುವ ವಿದ್ಯುಚ್ಚಾಲಿತ ಮಗ್ಗಗಳು ಸಾಲಾಗಿ ನಡೆಯುತ್ತಿರುವ ನೇಯ್ಗೆಯ ಶಾಲೆಯಲ್ಲಿ ಶಬ್ದವು ಸುಮಾರು ಇದೇ ಮಟ್ಟದಲ್ಲಿರುತ್ತದೆ. ಅಲ್ಲಿಯ ನೇಯ್ಗೆಗಾರನು ನಿಲ್ಲುವುದು 15 ನಿಮಿಷವಲ್ಲ, ಇಡೀ ಪಾಳಿ. ಶಬ್ದದಿಂದ ಉಂಟಾಗುವ ಕಿವುಡು ಮೊದಲು 4,000 ಹರ್ಟ್ಸ್ ಆಸುಪಾಸಿನ ಮೇಲುಸ್ವರಗಳಲ್ಲಿ ತೋರುತ್ತದೆ. ಮಾತು ಕೇಳಿಸುತ್ತಲೇ ಇರುವುದರಿಂದ ರೋಗಿಗೆ ಅದು ಬಹುಕಾಲ ತಿಳಿಯುವುದಿಲ್ಲ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದೂ ಇಲ್ಲ.

2. ಶಬ್ದದ ನಾಲ್ಕು ದಾರಿಗಳು

ನೆಲಕ್ಕೆ ಸಂಬಂಧಿಸಿದಂತೆ ಶಬ್ದವು ನಾಲ್ಕು ಬಗೆಯಲ್ಲಿ ವರ್ತಿಸುತ್ತದೆ.

ಮೊದಲನೆಯದು ಆಘಾತಶಬ್ದ. ಹೆಜ್ಜೆ, ಬಿದ್ದ ವಸ್ತು, ಎಳೆದ ಕುರ್ಚಿ, ಉರುಳುವ ಗಾಲಿ ಇವು ನೆಲವನ್ನೇ ನೇರವಾಗಿ ತಾಡಿಸುತ್ತವೆ. ನೆಲದ ಹಲಗೆಯು ಕಂಪಿಸಿ ಕೆಳಗಿನ ಕೋಣೆಯಲ್ಲಿ ಶಬ್ದವನ್ನು ಹೊರಡಿಸುತ್ತದೆ. ಎರಡನೆಯದು ಗಾಳಿಯ ಮೂಲಕ ಬಂದು ನೆಲವನ್ನು ದಾಟುವ ಶಬ್ದ. ಮಾತು, ಧ್ವನಿವರ್ಧಕ, ಯಂತ್ರದ ಮೊರೆತ ಇವು ಇದಕ್ಕೆ ಉದಾಹರಣೆ. ಮೂರನೆಯದು ಶಬ್ದವು ಹುಟ್ಟಿದ ಕೋಣೆಯಲ್ಲೇ ಉಳಿದು, ಗೋಡೆ, ಚಾವಣಿ, ನೆಲಗಳಿಂದ ಮರಳಿ ಮರಳಿ ಪ್ರತಿಫಲಿಸಿ ಗದ್ದಲವಾಗುವುದು. ಇದಕ್ಕೆ ಅನುರಣನವೆಂದು ಹೆಸರು. ನಾಲ್ಕನೆಯದು ಯಂತ್ರಗಳ ಕಂಪನವು ಅವುಗಳ ಪಾದಗಳ ಮೂಲಕ ನೆಲಕ್ಕಿಳಿದು ಕಟ್ಟಡದುದ್ದಕ್ಕೂ ಹರಡುವುದು.

ಮೊದಲೆರಡರ ಭೇದವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಬಹುದು. ಮಹಡಿಯ ಕೋಣೆಯಲ್ಲಿ ರೇಡಿಯೋ ಒಂದನ್ನು ಹಾಕಿ, ಜೊತೆಯಲ್ಲೇ ಒಬ್ಬರು ಮರದ ತುಂಡೊಂದನ್ನು ಮೊಣಕಾಲೆತ್ತರದಿಂದ ಆಗಾಗ ನೆಲಕ್ಕೆ ಬೀಳಿಸುತ್ತಿರಲಿ. ಇನ್ನೊಬ್ಬರು ಕೆಳಗಿನ ಕೋಣೆಯಲ್ಲಿ ನಿಂತು ಕೇಳಲಿ. ಬಳಿಕ ನೆಲಕ್ಕೆ ಜಮಖಾನವನ್ನು ಎರಡು ಮಡಿಕೆ ಮಾಡಿ ಹಾಸಿ ಪರೀಕ್ಷೆಯನ್ನು ಪುನಃ ನಡೆಸಬೇಕು. ಮರದ ತುಂಡಿನ ಸದ್ದು ತೀರ ಕುಗ್ಗಿರುತ್ತದೆ. ಕೆಳಗೆ ಕೇಳುತ್ತಿದ್ದ ರೇಡಿಯೋ ಸದ್ದಿನಲ್ಲಿ ಮಾತ್ರ ಗಮನಾರ್ಹವಾದ ವ್ಯತ್ಯಾಸವಿರುವುದಿಲ್ಲ. ಒಂದೇ ಹಾಸು ಒಂದು ಶಬ್ದಕ್ಕೆ ಮದ್ದಾಯಿತು, ಇನ್ನೊಂದಕ್ಕೆ ಆಗಲಿಲ್ಲ. ಏಕೆಂಬುದನ್ನು ಒಂದೊಂದಾಗಿ ನೋಡೋಣ.

3. ಆಘಾತಶಬ್ದ ಮತ್ತು ಮೃದುವಾದ ಹಾಸು

ಉಕ್ಕಿನ ಸುತ್ತಿಗೆಯು ಬರಿಯ ಕಾಂಕ್ರೀಟಿಗೆ ಬಡಿದಾಗ ಅವೆರಡರ ಸ್ಪರ್ಶವು ಅತ್ಯಲ್ಪ ಕಾಲ ಮಾತ್ರ ಇರುತ್ತದೆ. ಹೊಡೆತವು ಎಷ್ಟು ಕ್ಷಣಿಕವೋ ಅದರಲ್ಲಿ ಮೇಲುಸ್ವರಗಳು ಅಷ್ಟು ಹೆಚ್ಚು. ನಡುವೆ ಮೃದುವಾದ ಪದರವಿದ್ದರೆ ಅದು ತಗ್ಗಿ ಮರಳಲು ಹೊತ್ತು ಹಿಡಿಯುವುದರಿಂದ ಹೊಡೆತವು ನಿಧಾನವಾಗಿ, ಮೇಲುಸ್ವರಗಳು ಉಡುಗುತ್ತವೆ. ಶಬ್ದವು ಹುಟ್ಟಿದ ಮೇಲೆ ಅದನ್ನು ತಡೆಯುವುದಕ್ಕಿಂತ, ಹುಟ್ಟುವಾಗಲೇ ತಗ್ಗಿಸುವುದು ಇಲ್ಲಿಯ ಉಪಾಯ. ಆದಕಾರಣವೇ ಇದು ಇಷ್ಟು ಫಲಕಾರಿ.

ಇದನ್ನು ಅಳೆಯಲು ಅಂತರರಾಷ್ಟ್ರೀಯ ಮಾನಕಗಳು ಒಂದು ತಾಡನಯಂತ್ರವನ್ನು ವಿಧಿಸಿವೆ. ಸಾಲಾಗಿರುವ ಐದು ಸುತ್ತಿಗೆಗಳು, ಒಂದೊಂದರ ತೂಕ 500 ಗ್ರಾಂ, 40 ಮಿ.ಮೀ. ಎತ್ತರದಿಂದ ಸೆಕೆಂಡಿಗೆ ಒಟ್ಟು 10 ಏಟುಗಳಂತೆ ನೆಲಕ್ಕೆ ಬೀಳುತ್ತವೆ. ಕೆಳಗಿನ ಕೋಣೆಯಲ್ಲಿ ಶಬ್ದವನ್ನು ಅಳೆಯುತ್ತಾರೆ. ಹೋಲಿಕೆಗಾಗಿ ಇಟ್ಟುಕೊಂಡಿರುವ ಭಾರಿ ಕಾಂಕ್ರೀಟ್ ನೆಲದ ಅಂಕ 78 ಡೆಸಿಬೆಲ್. ಹಾಸನ್ನು ಹಾಕಿದ ಮೇಲೆ ಈ ಅಂಕವು ಎಷ್ಟು ಇಳಿಯುವುದೋ ಅದೇ ಆ ಹಾಸಿನ ‘ತಗ್ಗಿಕೆಯ ಅಂಕ’.

ಸ್ಥೂಲವಾಗಿ ಹೇಳುವುದಾದರೆ, ಶಹಾಬಾದ್ ಕಲ್ಲು, ಗ್ರಾನೈಟು, ಮೊಸಾಯಿಕ್, ಕೆಂಪು ಗಾರೆ, ವಿಟ್ರಿಫೈಡ್ ಟೈಲ್ಸ್ ಇವುಗಳ ತಗ್ಗಿಕೆ ಶೂನ್ಯಕ್ಕೆ ಸಮೀಪ. ಗಾರೆಯಲ್ಲಿ ಬಿಗಿಯಾಗಿ ಕೂರಿಸಿದ ಇವೆಲ್ಲವೂ ಕಿವಿಯ ದೃಷ್ಟಿಯಿಂದ ಒಂದೇ. ಕೆಲವು ಮಿ.ಮೀ. ದಪ್ಪದ ಎಪಾಕ್ಸಿ ಲೇಪವೂ ಇದೇ ವರ್ಗಕ್ಕೆ ಸೇರುತ್ತದೆ. ತೆಳುವಾದ ಲಿನೋಲಿಯಂ ಹಾಸಿನ ತಗ್ಗಿಕೆ 4ರಿಂದ 8 ಡೆಸಿಬೆಲ್. ಅಗಸೆಎಣ್ಣೆ, ಬೆಂಡುಮರದ ಪುಡಿ, ಸೆಣಬಿನ ಬಟ್ಟೆ ಇವುಗಳಿಂದ ಆಗುವ ಈ ಹಾಸಿಗೆ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1863ರಲ್ಲಿ ಪೇಟೆಂಟ್ ಪಡೆದನು. ಅದರ ಕೆಳಗೆ ಬೆಂಡಿನ ಪದರವಿದ್ದರೆ ಅಥವಾ ವಿನೈಲ್ ಹಾಸಿಗೆ ನೊರೆಪದರದ ಬೆನ್ನಿದ್ದರೆ 15ರಿಂದ 19 ಡೆಸಿಬೆಲ್ ದೊರೆಯುತ್ತದೆ. ದಪ್ಪನೆಯ ರತ್ನಗಂಬಳಿಯಂಥ ಹಾಸುಗಳು 20ರಿಂದ 30 ಡೆಸಿಬೆಲ್ ತಗ್ಗಿಸುತ್ತವೆ.

ರಬ್ಬರಿನ ವಿಷಯದಲ್ಲಿ ಒಂದು ತಪ್ಪುಕಲ್ಪನೆ ರೂಢಿಯಲ್ಲಿದೆ. ರಬ್ಬರು ಮೆತ್ತಗಿರುವುದರಿಂದ ಯಾವ ರಬ್ಬರ್ ಹಾಳೆಯಾದರೂ ಶಬ್ದವನ್ನು ನುಂಗುತ್ತದೆಂದು ಜನರು ತಿಳಿಯುತ್ತಾರೆ. ರಬ್ಬರಿನ ಆಕಾರವನ್ನು ಬದಲಾಯಿಸುವುದು ಸುಲಭ, ಗಾತ್ರವನ್ನು ಕುಗ್ಗಿಸುವುದು ಬಹಳ ಕಷ್ಟ. ಒತ್ತಿದಾಗ ಅದು ಪಕ್ಕಕ್ಕೆ ಉಬ್ಬಬೇಕು. ಉಬ್ಬಲು ಎಡೆಯಿಲ್ಲದಂತೆ ಅಗಲವಾದ ಗಟ್ಟಿ ಹಾಳೆಯನ್ನು ನೆಲಕ್ಕೆ ಅಂಟಿಸಿಬಿಟ್ಟರೆ ಅದು ನಾವೆಣಿಸಿದ್ದಕ್ಕಿಂತ ಬಹಳ ಪೆಡಸಾಗುತ್ತದೆ. ಆದಕಾರಣವೇ ಒಳ್ಳೆಯ ರಬ್ಬರ್ ಹಾಸುಗಳ ಅಡಿಯಲ್ಲಿ ಏಣುಗಳನ್ನೋ ಗುಬುಟುಗಳನ್ನೋ ನೊರೆಪದರವನ್ನೋ ಇಟ್ಟಿರುತ್ತಾರೆ. ಬೆಂಡಿನ ಒಳಗಾದರೋ ಗಾಳಿ ತುಂಬಿದ ಸೂಕ್ಷ್ಮಕೋಶಗಳಿರುವುದರಿಂದ ಅದು ಪಕ್ಕಕ್ಕೆ ಉಬ್ಬದೆಯೇ ಕುಗ್ಗಬಲ್ಲದು.

ತಗ್ಗಿಕೆಯ ಅಂಕವನ್ನು ಓದುವಾಗ ಮೂರು ಎಚ್ಚರಿಕೆಗಳು ಅಗತ್ಯ. ಒಂದನೆಯದಾಗಿ, ಅದು ಕಾಂಕ್ರೀಟ್ ನೆಲದ ಮೇಲೆ ಅಳೆದದ್ದು. ಮರದ ಹಲಗೆಯ ನೆಲಕ್ಕೆ ಅದು ಹೊಂದುವುದಿಲ್ಲ. ಎರಡನೆಯದಾಗಿ, ಉಕ್ಕಿನ ಸುತ್ತಿಗೆಯ ಏಟಿನಲ್ಲಿ ಮೇಲುಸ್ವರಗಳು ಹೆಚ್ಚಾಗಿರುವುದರಿಂದ ಮೃದುವಾದ ಹಾಸಿಗೆ ದೊಡ್ಡ ಅಂಕ ಬರುತ್ತದೆ. ಬರಿಗಾಲಿನ ಭಾರವಾದ ಹೆಜ್ಜೆ ಅಥವಾ ವ್ಯಾಯಾಮಶಾಲೆಯಲ್ಲಿ ಕೆಡಹುವ ತೂಕಗಳ ‘ಧಡ್’ ಎಂಬ ಕೀಳುಸ್ವರ ಅಷ್ಟು ತಗ್ಗುವುದಿಲ್ಲ. ಮೂರನೆಯದಾಗಿ, ಅಮೆರಿಕದ ಪದ್ಧತಿಯ ವಿವರಪತ್ರಗಳಲ್ಲಿ ಅಂಕವು ಹೆಚ್ಚಿದ್ದಷ್ಟೂ ಒಳ್ಳೆಯದು, ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕೆಳಗಿನ ಕೋಣೆಯ ಅಂಕವು ಕಡಿಮೆಯಾದಷ್ಟೂ ಒಳ್ಳೆಯದು. ಅಷ್ಟಲ್ಲದೆ ಅಮೆರಿಕದ ಅಂಕವು ಅನೇಕ ವೇಳೆ ದಪ್ಪ ಕಾಂಕ್ರೀಟು, ಕೆಳಗಿನ ತೂಗುಚಾವಣಿ, ಹಾಸು ಇವೆಲ್ಲವೂ ಸೇರಿದ ಇಡೀ ರಚನೆಯ ಅಂಕವಾಗಿರುತ್ತದೆ. ಅದನ್ನು ಹಾಸೊಂದರ ಗುಣವೆಂದು ತಿಳಿಯುವುದು ಮೋಸಹೋಗುವ ದಾರಿ. ಹಾಸಿನಿಂದಾದ ಹೆಚ್ಚಳವೆಷ್ಟೆಂದು ಬೇರೆಯಾಗಿ ಕೇಳಿ ತಿಳಿಯತಕ್ಕದ್ದು.

4. ತೇಲುನೆಲ

ಮೇಲ್ಮೈ ಗಟ್ಟಿಯಾಗಿಯೇ ಇರಬೇಕು, ಆದರೂ ಆಘಾತಶಬ್ದ ಕೆಳಗಿಳಿಯಬಾರದು ಎಂಬ ಸಂದರ್ಭಗಳು ಬಹಳ. ಭಾರದ ಗಾಲಿಗಳು ಓಡಾಡುವ ಉಗ್ರಾಣ, ಕಲ್ಲಿನ ನೆಲವೇ ಬೇಕೆನ್ನುವ ಹೋಟೆಲು ಇಂಥವು. ಅಲ್ಲಿ ಕಾಂಕ್ರೀಟಿನ ಮೇಲೆ ಮೊದಲು ಖನಿಜ ಉಣ್ಣೆ, ನೊರೆಹಾಳೆ ಅಥವಾ ರಬ್ಬರ್ ತರಿಯ ಪದರವನ್ನು ಹಾಸಿ, ಅದರ ಮೇಲೆ ಸಿಮೆಂಟು ಗಾರೆಯ ದಪ್ಪ ಪದರವನ್ನು ಎರೆಯುತ್ತಾರೆ. ಮೇಲಿನ ಪದರವು ಗೋಡೆಯನ್ನಾಗಲಿ ಕೆಳಗಿನ ಕಾಂಕ್ರೀಟನ್ನಾಗಲಿ ಎಲ್ಲಿಯೂ ಮುಟ್ಟದೆ ಸ್ಪ್ರಿಂಗಿನ ಮೇಲೆ ಕುಳಿತಂತೆ ಇರುವುದರಿಂದ ಇದಕ್ಕೆ ತೇಲುನೆಲವೆಂದು ಹೆಸರು.

ಇದರ ಫಲವನ್ನು ಲೆಕ್ಕಹಾಕುವುದು ಸುಲಭ. ಪದರದ ಪೆಡಸುತನವನ್ನು ಘನಮೀಟರಿಗೆ ಮೆಗಾನ್ಯೂಟನ್ನುಗಳಲ್ಲಿಯೂ ಗಾರೆಯ ತೂಕವನ್ನು ಚದರ ಮೀಟರಿಗೆ ಕಿಲೋಗ್ರಾಂಗಳಲ್ಲಿಯೂ ಹೇಳಿದರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ವರ್ಗಮೂಲ ತೆಗೆದು, 160ರಿಂದ ಗುಣಿಸಿದಾಗ ತೇಲುನೆಲದ ಸಹಜ ಆವೃತ್ತಿಯು ಹರ್ಟ್ಸ್‌ಗಳಲ್ಲಿ ದೊರೆಯುತ್ತದೆ. 50 ಮಿ.ಮೀ. ದಪ್ಪದ ಗಾರೆಯ ತೂಕ ಚದರ ಮೀಟರಿಗೆ ಸುಮಾರು 100 ಕಿ.ಗ್ರಾಂ. ಪದರದ ಪೆಡಸುತನ 10 ಆಗಿದ್ದರೆ ಸಹಜ ಆವೃತ್ತಿ ಸುಮಾರು 50 ಹರ್ಟ್ಸ್, 40 ಆಗಿದ್ದರೆ ಸುಮಾರು 100 ಹರ್ಟ್ಸ್. ಶಬ್ದದ ಆವೃತ್ತಿಯು ಸಹಜ ಆವೃತ್ತಿಗಿಂತ ಹೆಚ್ಚಾದಂತೆ ತಗ್ಗಿಕೆಯು ಅವುಗಳ ನಿಷ್ಪತ್ತಿಯ ಲಾಗರಿತಮಿನ 30 ಪಾಲಿನಷ್ಟು ಆಗುತ್ತದೆ. ಆದ್ದರಿಂದ 500 ಹರ್ಟ್ಸ್ ಶಬ್ದವು ಮೊದಲನೆಯ ನೆಲದಲ್ಲಿ 30 ಡೆಸಿಬೆಲ್, ಎರಡನೆಯದರಲ್ಲಿ ಸುಮಾರು 21 ಡೆಸಿಬೆಲ್ ತಗ್ಗುತ್ತದೆ. 100 ಹರ್ಟ್ಸ್ ಶಬ್ದವಾದರೋ ಮೊದಲನೆಯದರಲ್ಲಿ 9 ಡೆಸಿಬೆಲ್ ತಗ್ಗುತ್ತದೆ, ಎರಡನೆಯದರಲ್ಲಿ ತಗ್ಗುವುದೇ ಇಲ್ಲ. ಪದರವು ಹೆಚ್ಚು ಮೃದುವಾಗಿರಬೇಕು, ಮೇಲಿನ ಹೊರೆಯು ಹೆಚ್ಚು ಭಾರವಾಗಿರಬೇಕು ಎಂಬುದು ಇದರಿಂದ ಸಿದ್ಧವಾಗುತ್ತದೆ. ಪದರವು ತೀರ ಮೃದುವಾದರೆ ಗಾರೆಯು ಬಿರುಕುಬಿಡುವುದರಿಂದ ಇದಕ್ಕೂ ಒಂದು ಮೇರೆಯುಂಟು.

5. ಗಾಳಿಯಲ್ಲಿ ಬರುವ ಶಬ್ದ

ಗಾಳಿಯ ಮೂಲಕ ಬಂದು ನೆಲವನ್ನು ದಾಟುವ ಶಬ್ದವನ್ನು ತಡೆಯುವುದು ಮುಖ್ಯವಾಗಿ ನೆಲದ ತೂಕ. ತೂಕವು ಎರಡರಷ್ಟಾದರೆ ತಡೆಯು ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. 150 ಮಿ.ಮೀ. ಕಾಂಕ್ರೀಟಿನ ತೂಕ ಚದರ ಮೀಟರಿಗೆ ಸುಮಾರು 360 ಕಿ.ಗ್ರಾಂ. ಅದರ ಮೇಲೆ 4 ಕಿ.ಗ್ರಾಂ ತೂಗುವ ವಿನೈಲ್ ಹಾಸನ್ನು ಅಂಟಿಸಿದರೆ ತಡೆಯು ಹೆಚ್ಚುವುದು ಒಂದು ಡೆಸಿಬೆಲ್ಲಿನ ಹತ್ತನೆಯ ಒಂದು ಭಾಗ ಮಾತ್ರ. ರೇಡಿಯೋ ಸದ್ದು ಜಮಖಾನಕ್ಕೆ ಜಗ್ಗದಿದ್ದುದು ಈ ಕಾರಣದಿಂದ. ಮಾತು, ಸಂಗೀತ ಕೆಳಗಿಳಿಯಬಾರದೆಂದಿದ್ದರೆ ತೇಲುನೆಲ ಅಥವಾ ಪ್ರತ್ಯೇಕವಾಗಿ ತೂಗಿಬಿಟ್ಟ ಚಾವಣಿಯೇ ಬೇಕು. ಅದಕ್ಕೂ ಮೊದಲು ಕೊಳಾಯಿ, ತಂತಿಗಳಿಗಾಗಿ ಕೊರೆದ ರಂಧ್ರಗಳನ್ನು ಮುಚ್ಚತಕ್ಕದ್ದು.

6. ಕೋಣೆಯೊಳಗಿನ ಗದ್ದಲ

ಹೆಚ್ಚಿನ ಭ್ರಮೆಯಿರುವುದು ಈ ವಿಷಯದಲ್ಲಿ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ, ಮಾತು ಕಲಸಿಹೋಗುತ್ತಿದ್ದ ಒಂದು ಉಪನ್ಯಾಸ ಮಂದಿರವನ್ನು ಸರಿಪಡಿಸುವ ಕೆಲಸವು ತರುಣ ಅಧ್ಯಾಪಕ ವಾಲೇಸ್ ಸೇಬಿನ್‌ಗೆ ಬಂತು. ಅವನು ಇನ್ನೊಂದು ಮಂದಿರದಿಂದ ಮೆತ್ತೆಗಳನ್ನು ಹೊರಿಸಿ ತಂದಿಟ್ಟು, ಒಂದೊಂದು ಮೊತ್ತದ ಮೆತ್ತೆಗಳಿಗೂ ಶಬ್ದವು ಅಡಗಲು ಹಿಡಿಯುವ ಕಾಲವನ್ನು ಅಳೆದನು. ಅದರಿಂದ ಹೊರಟ ನಿಯಮ ಹೀಗಿದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆಯಲ್ಲಿರುವ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನಕಾಲವು ಸೆಕೆಂಡುಗಳಲ್ಲಿ ಬರುತ್ತದೆ. ಪ್ರತಿಯೊಂದು ಮೈಯ ವಿಸ್ತೀರ್ಣವನ್ನು ಅದರ ಹೀರಿಕೆಯ ಗುಣಾಂಕದಿಂದ ಗುಣಿಸಿ ಕೂಡಿದಾಗ ಒಟ್ಟು ಹೀರಿಕೆ ದೊರೆಯುತ್ತದೆ.

20 ಮೀಟರ್ ಉದ್ದ, 15 ಮೀಟರ್ ಅಗಲ, 3.5 ಮೀಟರ್ ಎತ್ತರದ ಒಂದು ಕಚೇರಿಯನ್ನು ಕಲ್ಪಿಸಿಕೊಳ್ಳೋಣ. ಘನ ಅಳತೆ 1,050 ಘನಮೀಟರ್. ನೆಲ ಮತ್ತು ಚಾವಣಿ ತಲಾ 300 ಚದರ ಮೀಟರ್. ಗಟ್ಟಿಯಾದ ಮೈಗಳ ಗುಣಾಂಕವನ್ನು 0.03 ಎಂದಿಟ್ಟುಕೊಂಡು, ಜನರು ಹಾಗೂ ಪೀಠೋಪಕರಣಗಳ ಹೀರಿಕೆಯನ್ನೂ ಸೇರಿಸಿ, ಒಟ್ಟು ಹೀರಿಕೆ 60 ಚದರ ಮೀಟರ್ ಎಂದು ಹಿಡಿದರೆ ಅನುರಣನಕಾಲ 2.8 ಸೆಕೆಂಡು. ಈಗ ನೆಲಕ್ಕೆ 0.05 ಗುಣಾಂಕದ ವಿನೈಲ್ ಹಾಸಿದರೆ ಹೀರಿಕೆಯು 66ಕ್ಕೆ ಏರುತ್ತದೆ. ಕೋಣೆಯ ಗದ್ದಲವು ತಗ್ಗುವುದು 0.4 ಡೆಸಿಬೆಲ್. ಅದರ ಬದಲು 500 ಹರ್ಟ್ಸ್‌ನಲ್ಲಿ 0.14 ಗುಣಾಂಕವಿರುವ ದಪ್ಪನೆಯ ಕಾರ್ಪೆಟ್ಟನ್ನೇ ಹಾಸಿದರೂ ಗದ್ದಲವು 2 ಡೆಸಿಬೆಲ್ ಕೂಡ ಇಳಿಯುವುದಿಲ್ಲ. ನೆಲವನ್ನು ಹಾಗೆಯೇ ಬಿಟ್ಟು ಚಾವಣಿಗೆ 0.7 ಗುಣಾಂಕದ ಹೀರುಹಲಗೆಗಳನ್ನು ತೂಗಿಬಿಟ್ಟರೆ ಹೀರಿಕೆ 261 ಆಗಿ, ಗದ್ದಲವು 6 ಡೆಸಿಬೆಲ್ಲಿಗೂ ಮಿಕ್ಕು ತಗ್ಗುತ್ತದೆ. ಅನುರಣನಕಾಲವು 0.65 ಸೆಕೆಂಡಿಗೆ ಇಳಿಯುತ್ತದೆ. ಕೋಣೆಯೊಳಗಿನ ಗದ್ದಲಕ್ಕೆ ಮದ್ದು ತಲೆಯ ಮೇಲಿದೆ, ಕಾಲಡಿಯಲ್ಲಿಲ್ಲ.

ನೆಲಗಟ್ಟು ಕೋಣೆಯೊಳಗೆ ಮಾಡಬಹುದಾದ ಉಪಕಾರವೆಂದರೆ, ಅಲ್ಲಿಯೇ ಹುಟ್ಟುವ ಹೆಜ್ಜೆ ಮತ್ತು ಗಾಲಿಗಳ ಸದ್ದನ್ನು ಹುಟ್ಟಿನಲ್ಲೇ ಅಡಗಿಸುವುದು. ಇಲ್ಲಿಯೂ ಒಂದು ವೈಚಿತ್ರ್ಯವುಂಟು. ತೆಳುವಾದ ನೊರೆಹಾಳೆಯ ಮೇಲೆ ಸಡಿಲವಾಗಿ ಹಾಸಿದ ಲ್ಯಾಮಿನೇಟ್ ಹಲಗೆಗಳು ಕೆಳಗಿನ ಕೋಣೆಗೆ ಹೋಗುವ ಸದ್ದನ್ನು ಚೆನ್ನಾಗಿ ತಗ್ಗಿಸುತ್ತವೆ. ಮೇಲೆ ನಡೆದಾಡುವವರ ಕೋಣೆಯಲ್ಲಿ ಮಾತ್ರ ಅವೇ ತಮಟೆಯಂತೆ ಬಡಿದು ಸದ್ದನ್ನು ಹೆಚ್ಚಿಸುತ್ತವೆ. ವಿವರಪತ್ರದ ಅಂಕಿಯಲ್ಲಿ ಈ ದೋಷವು ಕಾಣುವುದಿಲ್ಲ.

7. ಯಂತ್ರಗಳ ಕಂಪನ

ಯಂತ್ರದ ಕೆಳಗೆ ರಬ್ಬರ್ ಹಾಳೆಯನ್ನು ಹಾಸುವುದು ಎಲ್ಲೆಲ್ಲೂ ಕಾಣುವ ಪದ್ಧತಿ. ಅದರ ಫಲವನ್ನು ಅಳೆಯಲು ಒಂದೇ ಅಂಶ ಸಾಕು: ಯಂತ್ರದ ತೂಕಕ್ಕೆ ಹಾಳೆಯು ಎಷ್ಟು ಮಿ.ಮೀ. ತಗ್ಗುತ್ತದೆ? 15.8 ಎಂಬ ಸಂಖ್ಯೆಯನ್ನು ಆ ತಗ್ಗಿನ ವರ್ಗಮೂಲದಿಂದ ಭಾಗಿಸಿದರೆ ಸಹಜ ಆವೃತ್ತಿಯು ಸಿಕ್ಕುತ್ತದೆ. ಯಂತ್ರದ ಆವೃತ್ತಿಯು ಇದರ 1.4 ಪಟ್ಟನ್ನು ಮೀರಿದ ಮೇಲೆ ಮಾತ್ರ ಕಂಪನವು ತಗ್ಗಲು ತೊಡಗುತ್ತದೆ. ಮೂರು ಪಟ್ಟಾದರೆ ನೆಲಕ್ಕೆ ಇಳಿಯುವ ಬಲವು ಎಂಟನೆಯ ಒಂದು ಭಾಗವಾಗುತ್ತದೆ.

ನಿಮಿಷಕ್ಕೆ 1,500 ಸುತ್ತು ತಿರುಗುವ ಯಂತ್ರದ ಆವೃತ್ತಿ 25 ಹರ್ಟ್ಸ್. ಅದಕ್ಕೆ ಮೂರು ಪಟ್ಟಿನ ರಕ್ಷಣೆ ಬೇಕಾದರೆ ಆಧಾರವು 3.6 ಮಿ.ಮೀ. ತಗ್ಗಬೇಕು. 6 ಮಿ.ಮೀ. ದಪ್ಪದ ಹಾಳೆಯು ತನ್ನ ದಪ್ಪದ ಹತ್ತನೆಯ ಒಂದು ಭಾಗ, ಅಂದರೆ 0.6 ಮಿ.ಮೀ. ತಗ್ಗಿತೆನ್ನೋಣ. ಆಗ ಸಹಜ ಆವೃತ್ತಿ ಸುಮಾರು 20 ಹರ್ಟ್ಸ್. ಇದು ಯಂತ್ರದ ಆವೃತ್ತಿಗೆ ತೀರ ಸಮೀಪವಾಗಿ ಅನುನಾದದ ವಲಯಕ್ಕೆ ಸೇರುತ್ತದೆ. ರಬ್ಬರಿನ ಆಂತರಿಕ ಘರ್ಷಣೆಯನ್ನು ಬಿಟ್ಟು ಲೆಕ್ಕಹಾಕಿದರೆ, ನೆಲಕ್ಕಿಳಿಯುವ ಬಲವು ತಗ್ಗುವ ಬದಲು ಇಮ್ಮಡಿಯಾಗುತ್ತದೆ. ಇಂಥ ಯಂತ್ರಗಳಿಗೆ ಲೆಕ್ಕಹಾಕಿ ಮಾಡಿಸಿದ ಸ್ಪ್ರಿಂಗು ಅಥವಾ ರಬ್ಬರ್ ಆಧಾರಗಳೇ ಬೇಕು, ನೆಲಹಾಸಲ್ಲ.

ಮಗ್ಗದ ಸಂಗತಿ ಇನ್ನೂ ಬೋಧಪ್ರದವಾದದ್ದು. ದೊಡ್ಡಬಳ್ಳಾಪುರ, ಬೆಟಗೇರಿ, ರಬಕವಿ–ಬನಹಟ್ಟಿ ಮೊದಲಾದ ಊರುಗಳಲ್ಲಿ ವಿದ್ಯುಚ್ಚಾಲಿತ ಮಗ್ಗಗಳು ಮನೆಗಳೊಳಗೂ ಮನೆಗಳ ನಡುವೆಯೂ ನಡೆಯುತ್ತವೆ. ನಿಮಿಷಕ್ಕೆ 180 ಎಳೆ ಹಾಕುವ ಮಗ್ಗದ ಮೂಲ ಆವೃತ್ತಿ ಕೇವಲ 3 ಹರ್ಟ್ಸ್. ಇದಕ್ಕೆ ಮೂರು ಪಟ್ಟಿನ ರಕ್ಷಣೆ ಕೊಡಬೇಕಾದರೆ ಆಧಾರವು ಸುಮಾರು 250 ಮಿ.ಮೀ. ತಗ್ಗಬೇಕು. ಅಂಥ ಆಧಾರದ ಮೇಲೆ ಮಗ್ಗವು ತೊಟ್ಟಿಲಂತೆ ತೂಗುವುದೇ ಹೊರತು ನೇಯುವುದಿಲ್ಲ. ರಬ್ಬರ್ ಹಾಳೆಯು ಲಾಳಿಯ ಬಡಿತದ ಕಟಕಟ ಸದ್ದು ನೆಲಕ್ಕಿಳಿಯುವುದನ್ನು ಕೊಂಚ ತಡೆಯಬಹುದು, ಕಟ್ಟಡವು ನಡುಗುವುದನ್ನು ತಡೆಯಲಾರದು. ಮಗ್ಗವನ್ನು ಮಹಡಿಗೆ ಏರಿಸದೆ ನೆಲದ ಮೇಲೆಯೇ ಹೂಡಬೇಕೆಂಬ ಹಳೆಯ ರೂಢಿಗೆ ಇದೇ ಶಾಸ್ತ್ರಾಧಾರ. ನೇಯ್ಗೆಗಾರನ ಕಿವಿಗೆ ಬೀಳುವ ಸದ್ದಿನ ಮಾತಂತೂ ಬೇರೆಯೇ. ಅದು ಮಗ್ಗದಿಂದ ಗಾಳಿಯ ಮೂಲಕ ನೇರವಾಗಿ ಬರುತ್ತದೆ. ಅದರ ಮೇಲೆ ನೆಲಗಟ್ಟಿಗೆ ಅಧಿಕಾರವಿಲ್ಲ, ಮಗ್ಗದ ಬಳಿಯಲ್ಲೇ ನಿಂತವನಿಗೆ ಹೀರುಚಾವಣಿಯಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಲಾಳಿಯ ಏಟನ್ನು ತಾಳುವ ಭಾಗಗಳನ್ನು ಮೃದುಗೊಳಿಸುವುದು, ಸವೆದ ಭಾಗಗಳನ್ನು ಬದಲಿಸುವುದು, ಲಾಳಿಯಿಲ್ಲದ ಮಗ್ಗಗಳಿಗೆ ತಿರುಗುವುದು, ಅಲ್ಲಿಯವರೆಗೆ ಕಿವಿಗೆ ರಕ್ಷಣೆ ತೊಡುವುದು, ಇವೇ ಉಪಾಯಗಳು.

8. ಆಯ್ಕೆಯ ಕ್ರಮ

ಮೇಲಿನ ವಿವೇಚನೆಯಿಂದ ಆಯ್ಕೆಯ ದಾರಿಯು ತಾನಾಗಿಯೇ ತೆರೆಯುತ್ತದೆ. ನೆಲಮಟ್ಟದಲ್ಲಿರುವ, ಕೆಳಗೆ ಕೋಣೆಯಿಲ್ಲದ ಕಾರ್ಖಾನೆಯಲ್ಲಿ ‘ಶಬ್ದನಿವಾರಕ’ ನೆಲಕ್ಕೆ ಹೆಚ್ಚಿನ ಹಣ ಹಾಕಬೇಕಾಗಿಲ್ಲ. ಭಾರ, ಎಣ್ಣೆ, ಆಮ್ಲ, ಜಾರಿಕೆ ಇವುಗಳನ್ನು ನೋಡಿ ನೆಲವನ್ನು ಆರಿಸಿ, ಉಳಿಸಿದ ಹಣವನ್ನು ಚಾವಣಿಗೂ ಯಂತ್ರಗಳ ಕವಚಕ್ಕೂ ವಿನಿಯೋಗಿಸುವುದು ವಿವೇಕ. ಲೋಹದ ತುಂಡುಗಳು ಬಂದು ಬೀಳುವ ತಗಡಿನ ತೊಟ್ಟಿಯ ಒಳಮೈಗೆ ರಬ್ಬರ್ ಅಂಟಿಸಿದರೆ ಇಡೀ ನೆಲಕ್ಕೆ ಹಾಸುವುದಕ್ಕಿಂತ ಹೆಚ್ಚು ಫಲ ದೊರೆಯುತ್ತದೆ. ಕಬ್ಬಿಣದ ಗಾಲಿಯ ಗಾಡಿಗಳು ಕಲ್ಲುಚಪ್ಪಡಿಯ ಸಂದುಗಳನ್ನು ದಾಟುವಾಗ ಆಗುವ ಸದ್ದಿಗೆ, ಸಂದುಗಳನ್ನು ಸಮಮಾಡಿ ಗಾಲಿಗಳಿಗೆ ರಬ್ಬರ್ ಅಥವಾ ಪಾಲಿಯುರೇಥೇನ್ ಪಟ್ಟಿ ತೊಡಿಸುವುದೇ ಅಗ್ಗದ ಪರಿಹಾರ.

ಅಂತಸ್ತುಗಳಿರುವ ಸಿದ್ಧಉಡುಪಿನ ಕಾರ್ಖಾನೆಗಳಲ್ಲಿ ಕೆಳಗಿನವರನ್ನು ಕಾಡುವುದು ಹೆಜ್ಜೆ ಮತ್ತು ಗಾಡಿಗಳ ಸದ್ದು. ಅಲ್ಲಿ ಮೃದುವಾದ ಹಾಸು ಉಚಿತ. ಆದರೆ ಹಾಸು ಮೃದುವಾದಷ್ಟೂ ಗಾಲಿಗಳು ಹೂತು ತಳ್ಳುವವರಿಗೆ ಶ್ರಮವಾಗುವುದರಿಂದ, ಗಾಡಿಯ ದಾರಿಗೂ ಕೆಲಸದ ಜಾಗಕ್ಕೂ ಬೇರೆ ಬೇರೆ ಹಾಸು ಹಾಕಬಹುದು. ಆಸ್ಪತ್ರೆಗಳಿಗೆ ತೊಳೆಯಲು ಬಾರದ ಕಾರ್ಪೆಟ್ ಸಲ್ಲದು, ಬೆಸೆದ ಸಂದುಗಳ ವಿನೈಲ್, ರಬ್ಬರು ಅಥವಾ ಲಿನೋಲಿಯಂ ಸಲ್ಲುತ್ತದೆ. ಕಂಪ್ಯೂಟರ್ ಕಚೇರಿಗಳಲ್ಲಿ ತಂತಿಗಳಿಗಾಗಿ ಎತ್ತರಿಸಿದ ಟೊಳ್ಳುನೆಲವಿರುತ್ತದೆ. ಒಳಗೆ ಸಿಮೆಂಟು ತುಂಬಿದ ಫಲಕಗಳು ಹೆಜ್ಜೆಯಿಟ್ಟಾಗ ಡೊಳ್ಳಿನಂತೆ ಮೊಳಗುವುದು ಕಡಿಮೆ. ಇಂಥ ನೆಲದ ಮೇಲೆ ನಿಲ್ಲಿಸಿದ ಗೋಡೆಯ ಅಡಿಯಿಂದ ಮಾತು ಪಕ್ಕದ ಕೋಣೆಗೆ ನುಸುಳದಂತೆ ಟೊಳ್ಳಿನಲ್ಲಿಯೂ ಅಡ್ಡಗಟ್ಟನ್ನು ಹಾಕತಕ್ಕದ್ದು. ಕಚೇರಿಗಳ ಮೇಲೆ ವ್ಯಾಯಾಮಶಾಲೆಯನ್ನು ಇಡುವುದಾದರೆ ತೆಳುವಾದ ರಬ್ಬರ್ ಬಿಲ್ಲೆಗಳು ಸಾಲವು. ಸ್ಪ್ರಿಂಗುಗಳ ಮೇಲೆ ನಿಂತ ಭಾರಿ ತೇಲುನೆಲ ಬೇಕು. ಅದಕ್ಕಿಂತ ಮೇಲು, ವ್ಯಾಯಾಮಶಾಲೆಯನ್ನು ನೆಲಮಟ್ಟಕ್ಕೆ ಇಳಿಸುವುದು.

ಶಬ್ದವೊಂದನ್ನೇ ನೋಡಿ ನೆಲವನ್ನು ಆರಿಸಲಾಗದೆಂಬುದೂ ನಿಜ. ನೈಸರ್ಗಿಕ ರಬ್ಬರು ಖನಿಜತೈಲದಲ್ಲಿ ಊದಿಕೊಳ್ಳುತ್ತದೆ, ಎಣ್ಣೆ ಚೆಲ್ಲುವಲ್ಲಿ ನೈಟ್ರೈಲ್ ರಬ್ಬರು ಬೇಕು. ಪಿ.ವಿ.ಸಿ. ಉರಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಹೊರಬಿಡುತ್ತದೆ. ಕರಾವಳಿಯಂಥ ತೇವದ ಹವೆಯಲ್ಲಿ ತೆಂಗಿನನಾರು, ಸೆಣಬು ಮೊದಲಾದವು ಬೂಷ್ಟು ಹಿಡಿಯುತ್ತವೆ. ಕಾಂಕ್ರೀಟು ಚೆನ್ನಾಗಿ ಒಣಗುವ ಮೊದಲೇ ಅಂಟಿಸಿದ ಹಾಸು ಎದ್ದುಬರುತ್ತದೆ.

9. ಕೆಲಸಗಾರಿಕೆಯ ಮಹತ್ವ

ತೇಲುನೆಲದ ಲೆಕ್ಕಗಳೆಲ್ಲ ಕಾಗದದ ಮೇಲೆ ಸರಿಯಾಗಿದ್ದು ಕಟ್ಟಡದಲ್ಲಿ ಕೆಡುವುದಕ್ಕೆ ಸಾಮಾನ್ಯ ಕಾರಣ ಶಬ್ದಸೇತು. ಮೃದುಪದರದ ಹಾಳೆಗಳ ಸಂದಿನಲ್ಲಿ ಗಾರೆಯು ಇಳಿದು ಕೆಳಗಿನ ಕಾಂಕ್ರೀಟನ್ನು ಮುಟ್ಟಿತೆನ್ನಿ, ಆ ಒಂದು ಗಟ್ಟಿ ಕಂಬದ ಮೂಲಕ ಶಬ್ದವು ಇಳಿದುಹೋಗುತ್ತದೆ. ಗೋಡೆಯಂಚಿನ ಪಟ್ಟಿಯನ್ನು ನೆಲಕ್ಕೂ ಗೋಡೆಗೂ ಸೇರಿಸಿ ಗಾರೆ ಮೆತ್ತಿದರೂ, ಕೊಳಾಯಿಯ ಸುತ್ತ ಸಿಮೆಂಟು ತುಂಬಿದರೂ ಇದೇ ಫಲ. ಈ ತಪ್ಪುಗಳು ಕೆಲಸ ಮುಗಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ, ನೆಲವನ್ನು ಒಡೆಯದೆ ತಿದ್ದಲೂ ಬರುವುದಿಲ್ಲ. ಆದಕಾರಣ ಗಾರೆಯವನಿಗೆ ‘ಇಲ್ಲಿ ಮುಟ್ಟಿಸಬಾರದು’ ಎಂಬುದರ ಕಾರಣವನ್ನು ಕೆಲಸಕ್ಕೆ ಮೊದಲೇ ತಿಳಿಯಹೇಳುವುದು ಬೆಲೆಬಾಳುವ ಪದರವನ್ನು ಕೊಳ್ಳುವಷ್ಟೇ ಮುಖ್ಯ.

ಉಪಸಂಹಾರ

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಮಾರ್ಗದರ್ಶನವಿಲ್ಲವೆನ್ನುವಂತಿಲ್ಲ. ಕೈಗಾರಿಕೇತರ ಕಟ್ಟಡಗಳ ಶಬ್ದನಿರೋಧವನ್ನು ಕುರಿತ ಭಾರತೀಯ ಮಾನಕ 1950 ಹೊರಬಂದದ್ದು 1962ರಲ್ಲಿ. ಕೈಗಾರಿಕಾ ಕಟ್ಟಡಗಳ ಶಬ್ದವನ್ನು ತಗ್ಗಿಸುವ ಮಾನಕ 3483 ಬಂದದ್ದು 1965ರಲ್ಲಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೆಯ ಭಾಗದಲ್ಲಿ ಇದಕ್ಕಾಗಿಯೇ ಒಂದು ಪ್ರಕರಣವಿದೆ. ಶಬ್ದದಿಂದಾಗುವ ಕಿವುಡುತನವನ್ನು 1948ರ ಕಾರ್ಖಾನೆಗಳ ಕಾಯಿದೆಯ ಮೂರನೆಯ ಅನುಸೂಚಿಯು ವರದಿಮಾಡಲೇಬೇಕಾದ ಕಸುಬಿನ ರೋಗಗಳಲ್ಲಿ ಸೇರಿಸಿತ್ತು. ಕೊರತೆಯಿರುವುದು ಬಳಕೆಯಲ್ಲಿ.

ನೆಲಗಟ್ಟನ್ನು ಆರಿಸುವವರು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಬಹುಪಾಲು ತಪ್ಪುಗಳು ನಿವಾರಣೆಯಾಗುತ್ತವೆ. ಶಬ್ದವು ಹುಟ್ಟುವುದು ನೆಲಕ್ಕೆ ಬಿದ್ದ ಏಟಿನಿಂದಲೋ, ಗಾಳಿಯಲ್ಲೋ, ಯಂತ್ರದ ಪಾದದಲ್ಲೋ? ರಕ್ಷಿಸಬೇಕಾದ ಕಿವಿಯು ಇರುವುದು ಕೆಳಗಿನ ಕೋಣೆಯಲ್ಲೋ, ಇದೇ ಕೋಣೆಯಲ್ಲೋ? ವಿವರಪತ್ರದ ಅಂಕಿಯು ಈ ಎರಡಕ್ಕೂ ಸಂಬಂಧಿಸಿದ್ದೋ ಅಲ್ಲವೋ? ಕೆಳಗಿನ ಕೋಣೆಯವರನ್ನು ಏಟಿನ ಸದ್ದಿನಿಂದ ಕಾಪಾಡಬೇಕಾದಾಗ ನೆಲಗಟ್ಟಿನಷ್ಟು ಸಮರ್ಥವಾದ ಸಾಧನ ಬೇರೊಂದಿಲ್ಲ. ಯಂತ್ರದ ಮುಂದೆ ನಿಂತವನನ್ನು ಕಾಪಾಡಬೇಕಾದಾಗ ಅದರಷ್ಟು ದುರ್ಬಲವಾದದ್ದೂ ಇನ್ನೊಂದಿಲ್ಲ. ಈ ಭೇದವನ್ನು ನಮ್ಮ ವಿದ್ಯಾರ್ಥಿಗಳು ಲೆಕ್ಕಹಾಕಿ ಮನಗಂಡು, ಮುಂದೆ ಕಟ್ಟಡಗಳನ್ನು ಕಟ್ಟಿಸುವ ಸ್ಥಾನಕ್ಕೆ ಬಂದಾಗ ನೆನಪಿನಲ್ಲಿಟ್ಟರೆ, ಅನೇಕ ಕೆಲಸಗಾರರ ಕಿವಿಗಳು ಉಳಿದಾವು.